ನಲವತ್ತು ಮೆಗಾವಾಟ್‌ಗೆ ಇಷ್ಟೊಂದು ಪುಟಗಳೇಕೆ?

ರಾಯಚೂರಿನ ಓದುಗರೊಬ್ಬರ ಪತ್ರದ ಸಾರ: "ನೇಪಾಳದ ವಿದ್ಯುತ್ತು ಭಾರತದ ತಂತಿಗಳ ಮೂಲಕ ಬಾಂಗ್ಲಾದೇಶಕ್ಕೆ ಹೋಗುವ ಕುರಿತು ಕಳೆದ ಸಂಚಿಕೆಯಲ್ಲಿ ದೊಡ್ಡ ಲೇಖನ ಹಾಕಿದ್ದೀರಿ. ಹೋಗುತ್ತಿರುವುದು ಬರೀ 40 ಮೆಗಾವಾಟ್. ನಮ್ಮೂರಿನ ಶಾಖೋತ್ಪನ್ನ ಸ್ಥಾವರವೊಂದೇ 1,720 ಮೆಗಾವಾಟ್ ಸಾಮರ್ಥ್ಯದ್ದು. ಇದು ರಾವಣನ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ದಕ್ಷಿಣ ಏಷ್ಯಾ ದೇಶಗಳ ಸಹಕಾರ ಕೂಟವಾದ ಸಾರ್ಕ್ ಮೂಲೆ ಸೇರಿ ವರ್ಷಗಳಾದವು. ನೆರೆಯವರು ನಮ್ಮ ದುಡ್ಡು ಪಡೆದು ನಮ್ಮನ್ನೇ ದೂರುತ್ತಾರೆ. ಇದರಿಂದ ನಮಗೆ, ಅದರಲ್ಲೂ ಕರ್ನಾಟಕಕ್ಕೆ, ಬರುವ ಲಾಭವೇನು?"

ಸಂಪಾದಕರ ಉತ್ತರ:

ಮಾನ್ಯರೇ,

ಸಾರ್ಕ್ ಬಗ್ಗೆ ನಿಮ್ಮೊಂದಿಗೆ ನನಗೆ ತಕರಾರಿಲ್ಲ. ಅದರ ಎರಡನೆಯ ಶೃಂಗಸಭೆ ನಡೆದದ್ದು ನಮ್ಮ ಬೆಂಗಳೂರಿನಲ್ಲೇ, 1986ರ ನವೆಂಬರಿನಲ್ಲಿ. ಕೊನೆಯ ಶೃಂಗಸಭೆ 2014ರಲ್ಲಿ ಕಠ್ಮಂಡುವಿನಲ್ಲಿ ನಡೆಯಿತು. ಆಮೇಲೆ ನಾಯಕರು ಒಂದೆಡೆ ಕೂತಿಲ್ಲ. ದಕ್ಷಿಣ ಏಷ್ಯಾದ ದೇಶಗಳು ತಮ್ಮತಮ್ಮೊಳಗೆ ನಡೆಸುವ ವ್ಯಾಪಾರ ಅವುಗಳ ಒಟ್ಟು ವ್ಯಾಪಾರದ ಶೇಕಡಾ 5ರ ಆಸುಪಾಸಿನಲ್ಲೇ ನಿಂತಿದೆ. ಅಷ್ಟು ಬಡವರಿರುವ ಪ್ರದೇಶಕ್ಕೆ ಇದು ನಾಚಿಕೆಯ ಸಂಗತಿ ಎಂದೇ ನಾನು ತಿಳಿದಿದ್ದೇನೆ. ಆದರೆ ವಿದ್ಯುತ್ತಿನ ಕಥೆ ಶೃಂಗಸಭೆಗಳ ಕಥೆಯಲ್ಲ. ಆ ಲೇಖನಕ್ಕೆ ಅಷ್ಟು ಜಾಗ ಕೊಟ್ಟದ್ದು ಅದಕ್ಕಾಗಿಯೇ.

ಹಿಮಾಲಯದ ನದಿಗಳು ಮಳೆಗಾಲದಲ್ಲಿ ಉಕ್ಕಿ ಹರಿಯುತ್ತವೆ, ಚಳಿಗಾಲದಲ್ಲಿ ಸೊರಗುತ್ತವೆ. ನೇಪಾಳದ ಬಹುಪಾಲು ಜಲವಿದ್ಯುತ್ ಘಟಕಗಳಿಗೆ ದೊಡ್ಡ ಜಲಾಶಯವಿಲ್ಲ. ಹರಿಯುವ ನೀರನ್ನು ಹರಿಯುವಾಗಲೇ ಬಳಸಬೇಕು. ನಮ್ಮ ಲಿಂಗನಮಕ್ಕಿಯಂತೆ ಮಳೆಗಾಲದ ನೀರನ್ನು ಬೇಸಿಗೆಗೆ ಕೂಡಿಡುವ ಅನುಕೂಲ ಅಲ್ಲಿಲ್ಲ. ಹೀಗಾಗಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಬೇಡವೆಂದರೂ ವಿದ್ಯುತ್ತು, ಜನವರಿಯಲ್ಲಿ ಬೇಕೆಂದರೂ ಇಲ್ಲ. ಉತ್ತರ ಭಾರತದ ಬಯಲಿನಲ್ಲಿ ಇದರ ತಿರುವುಮುರುವು. ಅಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೆಖೆ, ಭತ್ತದ ಗದ್ದೆಗಳ ಪಂಪ್‌ಸೆಟ್‌ಗಳು. ಚಳಿಗಾಲದ ರಾತ್ರಿಗಳಲ್ಲಿ ಬೇಡಿಕೆ ಇಳಿಯುತ್ತದೆ. ಒಬ್ಬರ ಸುಗ್ಗಿ ಇನ್ನೊಬ್ಬರ ಕೊರತೆಯ ಕಾಲಕ್ಕೇ ಬಂದು ಕೂಡಿಕೊಳ್ಳುವ ಇಂಥ ಜೋಡಣೆ ಜಗತ್ತಿನಲ್ಲಿ ಎಲ್ಲೆಡೆ ಸಿಗುವುದಿಲ್ಲ. ನಡುವೆ ಬೇಕಾದದ್ದು ತಂತಿ ಮತ್ತು ನಂಬಿಕೆ.

ತಂತಿ ಇಲ್ಲದಿದ್ದಾಗ ಏನಾಗಿತ್ತು ಎಂಬುದನ್ನು ನೇಪಾಳದವರು ಮರೆತಿಲ್ಲ. 2009ರ ಆರಂಭದಲ್ಲಿ ಅಲ್ಲಿ ದಿನಕ್ಕೆ 16 ಗಂಟೆಗಳ ಲೋಡ್ ಶೆಡ್ಡಿಂಗ್ ಇತ್ತು. ಆಸ್ಪತ್ರೆ, ಹಿಟ್ಟಿನ ಗಿರಣಿ, ಓದುವ ಮಕ್ಕಳು, ಎಲ್ಲರೂ ಯಾವ ಬಡಾವಣೆಗೆ ಯಾವ ಗಂಟೆಗೆ ಕರೆಂಟು ಎಂಬ ವೇಳಾಪಟ್ಟಿ ನೋಡಿಕೊಂಡೇ ದಿನ ನಡೆಸಿದರು. 2016ರಲ್ಲಿ ಕುಲ್‌ಮಾನ್ ಘಿಸಿಂಗ್ ಅಲ್ಲಿನ ವಿದ್ಯುತ್ ಪ್ರಾಧಿಕಾರದ ಮುಖ್ಯಸ್ಥರಾದ ಮೇಲೆ ಕತ್ತಲೆ ಸರಿಯಿತು. ಅವರ ದಕ್ಷತೆಯನ್ನು ಎಲ್ಲರೂ ಹೊಗಳುತ್ತಾರೆ, ಹೊಗಳಲೇಬೇಕು. ಆದರೆ ಅದೇ ವರ್ಷ ಬಿಹಾರದ ಮುಜಫ್ಫರ್‌ಪುರದಿಂದ ನೇಪಾಳದ ಢಲ್ಕೇಬರ್‌ಗೆ ಹೊಸ ಪ್ರಸರಣ ಮಾರ್ಗ ಚಾಲನೆಗೊಂಡಿತ್ತು. ಭಾರತದಿಂದ ಹರಿದ ವಿದ್ಯುತ್ತು ಅವರ ಕೈಗೆ ಬಲ ಕೊಟ್ಟಿತು. ಅದೇ ಮಾರ್ಗದಲ್ಲಿ ಇಂದು ಮಳೆಗಾಲದಲ್ಲಿ ವಿದ್ಯುತ್ತು ದಕ್ಷಿಣಕ್ಕೆ ಇಳಿಯುತ್ತದೆ, ಚಳಿಗಾಲದಲ್ಲಿ ಉತ್ತರಕ್ಕೆ ಏರುತ್ತದೆ. 2021ರ ನವೆಂಬರಿನಲ್ಲಿ ನೇಪಾಳ ಮೊದಲ ಬಾರಿಗೆ ನಮ್ಮ ವಿದ್ಯುತ್ ವಿನಿಮಯ ಮಾರುಕಟ್ಟೆಯಲ್ಲಿ ತನ್ನ ವಿದ್ಯುತ್ತು ಮಾರಿತು: 39 ಮೆಗಾವಾಟ್. 2024ರ ಜನವರಿಯ ಒಪ್ಪಂದದಲ್ಲಿ ಹತ್ತು ವರ್ಷಗಳಲ್ಲಿ 10,000 ಮೆಗಾವಾಟ್ ಕೊಳ್ಳುವ ಗುರಿಯನ್ನು ಭಾರತ ಒಪ್ಪಿಕೊಂಡಿತು. ನೀವು ಸಣ್ಣದೆನ್ನುವ ಅಂಕಿಯನ್ನು ಈ ಸಾಲಿನಲ್ಲಿಟ್ಟು ನೋಡಬೇಕೆಂದು ನನ್ನ ಕೋರಿಕೆ.

"ದುಡ್ಡು ಪಡೆದು ದೂರುತ್ತಾರೆ" ಎಂದಿದ್ದೀರಿ. ಭೂತಾನಿನ ಲೆಕ್ಕವನ್ನು ನೋಡೋಣ. 1980ರ ದಶಕದಲ್ಲಿ ಭಾರತ ಅಲ್ಲಿ 336 ಮೆಗಾವಾಟ್‌ನ ಚುಖಾ ಯೋಜನೆ ಕಟ್ಟಿಕೊಟ್ಟಾಗ ಶೇಕಡಾ 60 ಅನುದಾನ, 40 ಸಾಲ, ಬಡ್ಡಿ ಶೇಕಡಾ 5. ಆ ವಿದ್ಯುತ್ತಿನ ಹೆಚ್ಚುವರಿಯನ್ನು ನಾವೇ ಕೊಂಡೆವು. ಸಣ್ಣ ಬೆಟ್ಟದ ನಾಡಿಗೆ ಶಾಲೆ, ಆಸ್ಪತ್ರೆ ನಡೆಸಲು ಆದಾಯದ ಮೂಲವೊಂದು ಸಿಕ್ಕಿತು. ಎರಡೂ ಕಡೆಗೆ ಲಾಭವಾದ ವ್ಯವಹಾರವಿದು. ಬರಬರುತ್ತಾ ಷರತ್ತು ಬದಲಾಯಿತು. 2019ರಲ್ಲಿ ಪೂರ್ಣಗೊಂಡ 720 ಮೆಗಾವಾಟ್‌ನ ಮಾಂಗ್ದೆಛು ಯೋಜನೆಯಲ್ಲಿ ಅನುದಾನ 30, ಸಾಲ 70, ಬಡ್ಡಿ ಶೇಕಡಾ 10. ಪುನತ್ಸಾಂಗ್‌ಛು-1 ಯೋಜನೆಯಲ್ಲಂತೂ ಅಣೆಕಟ್ಟೆಯ ಜಾಗದ ಬಲದಂಡೆ 2013ರಲ್ಲಿ ಕುಸಿಯಿತು. ವೆಚ್ಚ ಎರಡು ಪಟ್ಟನ್ನೂ ಮೀರಿತು, ವರ್ಷಗಳು ಉರುಳಿದವು. ಒಂದು ಯೂನಿಟ್ಟೂ ಹುಟ್ಟುವ ಮೊದಲೇ ಬಡ್ಡಿ ಬೆಳೆಯುತ್ತಿರುವಾಗ ಭೂತಾನಿನ ಜನ ಪ್ರಶ್ನೆ ಕೇಳಿದರೆ ಅದನ್ನು ಕೃತಘ್ನತೆ ಎನ್ನಲು ನನಗೆ ಮನಸ್ಸು ಬಾರದು. ಸಾಲಗಾರನಿಗೆ ಲೆಕ್ಕ ಕೇಳುವ ಹಕ್ಕಿದೆ. ಭಾರತದೊಂದಿಗಿನ ಕೋಸಿ, ಗಂಡಕ್ ನದಿ ಒಪ್ಪಂದಗಳ ಬಗ್ಗೆ ನೇಪಾಳದಲ್ಲಿ ದಶಕಗಳಿಂದ ಇರುವ ಅಸಮಾಧಾನವೂ ಇದೇ ಬಗೆಯದು: ನೀರು ನಮ್ಮದು, ಹೆಚ್ಚಿನ ಫಲ ಅವರದು ಎಂಬ ಭಾವನೆ.

ಇನ್ನು ತ್ರಿಪುರಾ. ಪಾಲಾಟಾನಾದಲ್ಲಿ 726 ಮೆಗಾವಾಟ್‌ನ ಅನಿಲ ವಿದ್ಯುತ್ ಸ್ಥಾವರ ಕಟ್ಟುವಾಗ ಭಾರೀ ಯಂತ್ರಗಳನ್ನು ಅಲ್ಲಿಗೆ ಸಾಗಿಸುವುದೇ ದೊಡ್ಡ ತಲೆನೋವಾಗಿತ್ತು. ಕೋಲ್ಕತ್ತಾದಿಂದ ಅಗರ್ತಲಾಕ್ಕೆ ನಮ್ಮದೇ ನೆಲದಲ್ಲಿ ಹೋಗಬೇಕೆಂದರೆ ಸಿಲಿಗುರಿ, ಗುವಾಹಟಿ ಸುತ್ತಿ 1,600 ಕಿಲೋಮೀಟರಿಗೂ ಹೆಚ್ಚು ದೂರ, ಅದೂ ಬೆಟ್ಟದ ತಿರುವುಗಳಲ್ಲಿ. ಬಾಂಗ್ಲಾದೇಶ ತನ್ನ ಆಶುಗಂಜ್ ನದೀಬಂದರನ್ನು ತೆರೆಯಿತು. ಯಂತ್ರಗಳು ದೋಣಿಯಲ್ಲಿ ಬಂದು, ಅಲ್ಲಿಂದ ಟ್ರೇಲರ್‌ಗಳ ಮೇಲೆ ಗಡಿ ದಾಟಿದವು. ಆ ಟ್ರೇಲರ್‌ಗಳಿಗಾಗಿ ತಿತಾಸ್ ನದಿಗೆ ಅಡ್ಡಲಾಗಿ ಮಣ್ಣಿನ ದಾರಿ ಹಾಕಿದ್ದಕ್ಕೆ ಬಾಂಗ್ಲಾದೇಶದಲ್ಲಿ ಪ್ರತಿಭಟನೆಯಾಯಿತು. ಆ ನದಿಯನ್ನು ನಂಬಿದ ಮೀನುಗಾರರ ಸಿಟ್ಟು ನ್ಯಾಯವಾದದ್ದೇ. ಸ್ಥಾವರ ಎದ್ದು ನಿಂತ ಮೇಲೆ, 2016ರ ಮಾರ್ಚ್‌ನಲ್ಲಿ ತ್ರಿಪುರಾದಿಂದ 100 ಮೆಗಾವಾಟ್ ಬಾಂಗ್ಲಾದೇಶದ ಕುಮಿಲ್ಲಾಕ್ಕೆ ಹರಿಯಿತು. ಅದೇ ದಿನ ಕಾಕ್ಸ್ ಬಜಾರ್‌ಗೆ ಬರುವ ಸಮುದ್ರದಾಳದ ಕೇಬಲ್‌ನಿಂದ ಅಗರ್ತಲಾಕ್ಕೆ ಇಂಟರ್‌ನೆಟ್ ಬಂತು. ದಾರಿ ಕೊಟ್ಟವರಿಗೆ ವಿದ್ಯುತ್ತು, ವಿದ್ಯುತ್ತು ಕೊಟ್ಟವರಿಗೆ ಇಂಟರ್‌ನೆಟ್. ಪ್ರಾದೇಶಿಕ ಸಹಕಾರ ಎಂದರೇನು ಎಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಇದನ್ನು.

ನೇಪಾಳದ 40 ಮೆಗಾವಾಟ್ ವಿಷಯಕ್ಕೆ ಬರುತ್ತೇನೆ. ಮೂರು ದೇಶಗಳ ಒಪ್ಪಂದಕ್ಕೆ ಸಹಿ ಬಿದ್ದದ್ದು 2024ರ ಅಕ್ಟೋಬರ್ 3ರಂದು. ಅದಕ್ಕೆ ಎರಡು ತಿಂಗಳ ಹಿಂದಷ್ಟೇ ಢಾಕಾದಲ್ಲಿ ಶೇಖ್ ಹಸೀನಾ ಸರ್ಕಾರ ಬಿದ್ದಿತ್ತು, ದೆಹಲಿ ಮತ್ತು ಢಾಕಾ ನಡುವೆ ಮಾತೇ ಕಹಿಯಾಗಿತ್ತು. ಆದರೂ ಸಹಿ ಆಯಿತು. ಜೂನ್ 15ರಿಂದ ನವೆಂಬರ್ 15ರವರೆಗೆ, ಯೂನಿಟ್‌ಗೆ 6.4 ಅಮೆರಿಕನ್ ಸೆಂಟ್ ದರ. ಢಲ್ಕೇಬರ್‌ನಿಂದ ಮುಜಫ್ಫರ್‌ಪುರಕ್ಕೆ, ಅಲ್ಲಿಂದ ನಮ್ಮ ಜಾಲದೊಳಗೆ ಹಾದು ಪಶ್ಚಿಮ ಬಂಗಾಳದ ಬಹರಾಂಪುರಕ್ಕೆ, ಕೊನೆಗೆ ಗಡಿಯಾಚೆಯ ಭೇರಾಮಾರಾಕ್ಕೆ. ಭೇರಾಮಾರಾದಲ್ಲಿ ವಿದ್ಯುತ್ತನ್ನು ಏಕಮುಖ ಪ್ರವಾಹವಾಗಿಸಿ ಮತ್ತೆ ಪರ್ಯಾಯ ಪ್ರವಾಹಕ್ಕೆ ತಿರುಗಿಸುತ್ತಾರೆ. ಒಂದು ದೇಶದ ಜಾಲದ ಏರುಪೇರು ಇನ್ನೊಂದಕ್ಕೆ ಹರಡದಂತೆ ಮಾಡಿಕೊಂಡ ವ್ಯವಸ್ಥೆ ಇದು. ಅಪಾಯವೇ ಇಲ್ಲವೆಂದಲ್ಲ. 2014ರ ನವೆಂಬರ್ 1ರಂದು ಅದೇ ಕೇಂದ್ರ ಹಠಾತ್ತನೆ ನಿಂತಾಗ ಬಾಂಗ್ಲಾದೇಶವಿಡೀ ಗಂಟೆಗಟ್ಟಲೆ ಕತ್ತಲಲ್ಲಿ ಮುಳುಗಿತು. ಆದರೆ ಆ ಪೆಟ್ಟು ತಿಂದ ಮೇಲೂ ಬಾಂಗ್ಲಾದೇಶ ಮಾರ್ಗವನ್ನು ಮುಚ್ಚಲಿಲ್ಲ. 2018ರ ಹೊತ್ತಿಗೆ ಅದರ ಸಾಮರ್ಥ್ಯ 500ರಿಂದ 1,000 ಮೆಗಾವಾಟ್‌ಗೆ ಏರಿತು.

ಈ ವ್ಯವಹಾರದಲ್ಲಿ ಭಾರತದ ಪಾತ್ರ ಅತಿ ಮುಖ್ಯವಾದದ್ದು, ಅತಿ ಸೂಕ್ಷ್ಮವಾದದ್ದೂ ಹೌದು. ನೇಪಾಳಕ್ಕೂ ಬಾಂಗ್ಲಾದೇಶಕ್ಕೂ ಗಡಿ ತಾಗುವುದಿಲ್ಲ. ನಡುವೆ ಇರುವುದು ನಮ್ಮ ನೆಲದ ಕಿರಿದಾದ ಪಟ್ಟಿ. ನಾವು ಬೇಡವೆಂದರೆ ಅಲ್ಲಿಗೆ ಮುಗಿಯಿತು. 2016ರಲ್ಲಿ ನಮ್ಮ ಸರ್ಕಾರ ಹೊರಡಿಸಿದ ಗಡಿಯಾಚೆಗಿನ ವಿದ್ಯುತ್ ನಿಯಮಗಳು ಬಿಗಿಯಾಗಿದ್ದವು, ಭೂತಾನ್ ಮತ್ತು ನೇಪಾಳ ಎರಡೂ ಆಕ್ಷೇಪಿಸಿದವು. 2018ರಲ್ಲಿ ಅವನ್ನು ಸಡಿಲಿಸಿ ಮೂರನೆಯ ದೇಶಕ್ಕೆ ಸಾಗಿಸಲು ದಾರಿ ಬಿಟ್ಟರು. ಅಲ್ಲಿಂದ ಮೊದಲ 40 ಮೆಗಾವಾಟ್ ಹರಿಯಲು ಆರು ವರ್ಷ ಬೇಕಾಯಿತು. ಚೀನಾದ ಬಂಡವಾಳ ಇರುವ ಘಟಕಗಳ ವಿದ್ಯುತ್ತಿಗೆ ಈಗಲೂ ನಮ್ಮಲ್ಲಿ ಬಾಗಿಲಿಲ್ಲ. ಭದ್ರತೆಯ ಕಾರಣ ನನಗೆ ಅರ್ಥವಾಗುತ್ತದೆ. ಆದರೂ ಪ್ರತಿ ಮೆಗಾವಾಟ್‌ಗೂ ದೆಹಲಿಯ ಅನುಮತಿ ಕಾಯುವ ಸ್ಥಿತಿಯಲ್ಲಿ ನೆರೆಯವರನ್ನು ಇಟ್ಟರೆ ಯಾರು ತಾನೇ ಹೊಸ ಘಟಕಕ್ಕೆ ದುಡ್ಡು ಹೂಡುತ್ತಾರೆ? ದೊಡ್ಡವರು ಕೈಬಿಗಿಯನ್ನು ತಾವೇ ಸಡಿಲಿಸದೆ ಇಲ್ಲಿ ಯಾವುದೂ ಬೆಳೆಯದು. ಇದು ನನ್ನ ದೃಢವಾದ ಅಭಿಪ್ರಾಯ.

ಕರ್ನಾಟಕಕ್ಕೇನು ಎಂದು ಕೇಳಿದಿರಿ. ನೇರ ಲಾಭ ಕಡಿಮೆ. ನಮಗೆ ಬೇಡಿಕೆ ಏರುವುದು ಫೆಬ್ರುವರಿಯಿಂದ ಏಪ್ರಿಲ್‌ವರೆಗೆ, ಹಿಮಾಲಯದ ನದಿಗಳು ಬಡವಾಗಿರುವಾಗ. ನೇಪಾಳದ ವಿದ್ಯುತ್ತನ್ನು ಕೊಳ್ಳುತ್ತಿರುವುದು ಬಿಹಾರ, ಹರಿಯಾಣಗಳು. ಆದರೆ ಒಬ್ಬರ ಋತುವಿಗೆ ಇನ್ನೊಬ್ಬರ ಋತು ಆಸರೆಯಾಗುವ ಇದೇ ಲೆಕ್ಕದ ಮೇಲೆ ನಮ್ಮ ರಾಜ್ಯ ಈಗಾಗಲೇ ಬದುಕುತ್ತಿದೆ. 2023ರ ಬರದಲ್ಲಿ ಉತ್ತರ ಪ್ರದೇಶ ಮತ್ತು ಪಂಜಾಬ್‌ನಿಂದ ವಿದ್ಯುತ್ತನ್ನು ವಿನಿಮಯದ ಮೇಲೆ ಪಡೆದೆವು. ಹಣ ಕೊಡುವ ಬದಲು ಮಳೆಗಾಲದಲ್ಲಿ ವಿದ್ಯುತ್ತನ್ನೇ ಮರಳಿಸುವ ಕರಾರು. ಹತ್ತು ವರ್ಷ ಮೊದಲಾಗಿದ್ದರೆ ಅಷ್ಟು ಸರಾಗವಾಗಿ ಅದನ್ನು ತರಲು ಆಗುತ್ತಿರಲಿಲ್ಲ, ಏಕೆಂದರೆ ದಕ್ಷಿಣದ ರಾಜ್ಯಗಳ ಜಾಲ ಆಗ ಬೇರೆಯಾಗಿತ್ತು. 2013ರ ಡಿಸೆಂಬರ್ 31ರಂದು ಅದು ದೇಶದ ಜಾಲದೊಂದಿಗೆ ಒಂದಾಯಿತು. ಒಂದಾಗಿಸಿದ 765 ಕಿಲೋವೋಲ್ಟ್ ಮಾರ್ಗ ಸೊಲ್ಲಾಪುರದಿಂದ ಬಂದು ಸೇರುವುದು ನಿಮ್ಮ ರಾಯಚೂರನ್ನೇ.

— ಸಂ.