ಲಾ ತಾಹಾ ಎಂಬ ಊರು ನಕ್ಷೆಯಲ್ಲಿ ಏಕೆ ಸಿಗುವುದಿಲ್ಲ?

ತಾವು ಕೇಳಿರುವ ಪ್ರಶ್ನೆ ಇದು: ದಕ್ಷಿಣ ಸ್ಪೇನಿನ ಗ್ರನಾಡಾ ಪ್ರಾಂತ್ಯದ ಬೆಟ್ಟಸೀಮೆಯಲ್ಲಿ ಲಾ ತಾಹಾ ಎಂಬ ಸ್ಥಳೀಯ ಆಡಳಿತವಿದೆ, ಆದರೆ ಆ ಹೆಸರಿನ ಹಳ್ಳಿ ಮಾತ್ರ ಎಲ್ಲೂ ಕಾಣಿಸುವುದಿಲ್ಲ, ಹಾಗಾದರೆ ಅದು ಏನು, ಅಲ್ಲಿನ ಊರುಗಳು ಯಾವುವು, ಅವುಗಳ ಇತಿಹಾಸವೇನು? ಕೆಲವು ವರ್ಷಗಳ ಹಿಂದೆ ಒಂದು ವಾರ ಅಲ್ಲಿ ತಂಗಿ, ಅದರ ಏಳೂ ಹಳ್ಳಿಗಳನ್ನು ನಡೆದು ನೋಡಿದ್ದೇನೆ. ಹಿಂದಿರುಗಿದ ಮೇಲೆ ಆ ಸೀಮೆಯ ಚರಿತ್ರೆಯನ್ನು ಕುತೂಹಲದಿಂದ ಓದಿಕೊಂಡಿದ್ದೇನೆ. ಆ ಬಲದ ಮೇಲೆ ಈ ಉತ್ತರ.

ತಾಹಾ ಎಂಬುದು ಊರಿನ ಹೆಸರಲ್ಲ, ಆಡಳಿತ ವಿಭಾಗದ ಹೆಸರು. ಬರೆಯುವಾಗ ಹಕಾರವಿದ್ದರೂ ಸ್ಪ್ಯಾನಿಷ್ ಉಚ್ಚಾರಣೆಯಲ್ಲಿ ಅದು ಕೇಳಿಸುವುದಿಲ್ಲ. ವಿಧೇಯತೆ ಎಂಬ ಅರ್ಥದ ಅರಬ್ಬಿ ಪದವೊಂದು ಇದರ ಮೂಲ. ಗ್ರನಾಡಾದ ನಸ್ರಿದ್ ಸುಲ್ತಾನರ ಕಾಲದಲ್ಲಿ ಸಿಯೆರಾ ನೆವಾದಾ ಪರ್ವತದ ದಕ್ಷಿಣ ಇಳಿಜಾರಾದ ಅಲ್ಪುಹಾರಾ ಸೀಮೆಯನ್ನು ಇಂತಹ ಹಲವು ತಾಹಾಗಳಾಗಿ ವಿಂಗಡಿಸಲಾಗಿತ್ತು. ನಮ್ಮ ಹೋಬಳಿಯಂತೆ ಎಂದುಕೊಂಡರೆ ಹೆಚ್ಚು ತಪ್ಪಾಗದು. ಅವುಗಳಲ್ಲಿ ಒಂದು ಫೆರೆಯಿರಾದ ತಾಹಾ. 1970ರ ದಶಕದಲ್ಲಿ ಪೀತ್ರೆಸ್, ಮೆಸೀನಾ ಫೊಂದಾಲೆಸ್, ಫೆರೆಯಿರೋಲಾ ಎಂಬ ಮೂರು ಸಣ್ಣ ಆಡಳಿತಗಳನ್ನು ಒಂದುಗೂಡಿಸಿದಾಗ, ಯಾವ ಊರಿನ ಹೆಸರನ್ನೂ ಮೇಲೆ ಮಾಡದೆ ಆ ಹಳೆಯ ಪದವನ್ನೇ ಎತ್ತಿಕೊಂಡರು. ಹಾಗಾಗಿ ನಕ್ಷೆಯಲ್ಲಿ ಪೀತ್ರೆಸ್ ಹುಡುಕಿದರೆ ತಮಗೆ ಕಚೇರಿ ಸಿಗುತ್ತದೆ, ಲಾ ತಾಹಾ ಹುಡುಕಿದರೆ ಬರೀ ಗಡಿರೇಖೆ.

ಏಳು ಹಳ್ಳಿಗಳು ಇವು: ಮೇಲ್ಭಾಗದಲ್ಲಿ ಕಪಿಲೆರೀಯಾ ಮತ್ತು ಪೀತ್ರೆಸ್, ಅದರ ಕೆಳಗೆ ಮೆಸೀನಾ, ಮೆಸಿನೀಯಾ ಮತ್ತು ಫೊಂದಾಲೆಸ್, ಪೂರ್ವಕ್ಕೆ ಅತಾಲ್ಬೇಯಿತಾರ್ ಮತ್ತು ಫೆರೆಯಿರೋಲಾ. ಪೀತ್ರೆಸ್ ಸುಮಾರು 1,250 ಮೀಟರ್ ಎತ್ತರದಲ್ಲಿದ್ದರೆ ಫೊಂದಾಲೆಸ್ ಅದಕ್ಕಿಂತ ಸುಮಾರು 300 ಮೀಟರ್ ಕೆಳಗೆ, ತ್ರೆವೇಲೆಸ್ ನದಿಯ ಕಂದರದ ಅಂಚಿನಲ್ಲಿದೆ. ಏಳೂ ಸೇರಿ ಜನಸಂಖ್ಯೆ ಸಾವಿರವನ್ನು ಮುಟ್ಟುವುದಿಲ್ಲ. ಮೇಲೆ ಚೆಸ್ಟ್‌ನಟ್ ಮರಗಳು, ಕೆಳಗಿಳಿದಂತೆ ಅಂಜೂರ, ಬಾದಾಮಿ, ದ್ರಾಕ್ಷಿ. ಒಂದು ಗಂಟೆಯ ನಡಿಗೆಯಲ್ಲಿ ಬೆಳೆ ಬದಲಾಗುವುದು ಕಣ್ಣಿಗೇ ಕಾಣುತ್ತದೆ.

ಇಲ್ಲಿ ಒಂದು ಜನಪ್ರಿಯ ತಪ್ಪನ್ನು ತಿದ್ದಬೇಕು. ಫೆರೆಯಿರೋಲಾ, ಪಕ್ಕದ ಕಪಿಲೆಯಿರಾ, ಪಂಪನೆಯಿರಾ ಮುಂತಾದ ಹೆಸರುಗಳ ಕೊನೆ ವಾಯವ್ಯ ಸ್ಪೇನಿನ ಗಲೀಷಿಯಾ ಭಾಷೆಯಂತೆ ಕೇಳಿಸುವುದರಿಂದ, ಹದಿನಾರನೆಯ ಶತಮಾನದಲ್ಲಿ ಅಲ್ಲಿಂದ ಬಂದು ನೆಲೆಸಿದವರು ಈ ಹೆಸರುಗಳನ್ನು ತಂದರು ಎಂದು ಪ್ರವಾಸಿಗಳಿಗೆ ಹೇಳುವುದುಂಟು. ಗಲೀಷಿಯಾದವರು ಬಂದದ್ದು ನಿಜ. ಆದರೆ ಫೆರೆಯಿರಾದ ತಾಹಾ ಎಂಬ ಹೆಸರು ಅವರು ಕಾಲಿಡುವ ಮೊದಲೇ, ಮುಸ್ಲಿಂ ಆಳ್ವಿಕೆಯಲ್ಲೇ ರೂಢಿಯಲ್ಲಿತ್ತು. ಅರಬ್ಬಿಗಿಂತ ಹಿಂದಿನ ಲ್ಯಾಟಿನ್ ಮೂಲದ ಆಡುನುಡಿ ಬಿಟ್ಟುಹೋದ ಗುರುತು ಅದು. ಲ್ಯಾಟಿನ್ನಿನಲ್ಲಿ ಫೆರ್ರುಮ್ ಎಂದರೆ ಕಬ್ಬಿಣ. ಫೆರೆಯಿರೋಲಾದ ಹೊರಗೆ ಗಸೆಯೋಸಾ ಎಂಬ ಬುಗ್ಗೆಯಿದೆ. ಅದರ ನೀರಿನಲ್ಲಿ ತಾನೇ ತಾನಾಗಿ ಸೋಡಾದ ನೊರೆಯಿದೆ, ಹರಿದ ಕಲ್ಲೆಲ್ಲ ತುಕ್ಕಿನ ಕೆಂಪು. ಬೊಗಸೆಯಲ್ಲಿ ಕುಡಿದಾಗ ಮೊಳೆಯನ್ನು ಬಾಯಲ್ಲಿ ಇಟ್ಟುಕೊಂಡಂತಾಯಿತು. ಊರಿನ ಹೆಸರಿಗೆ ಇದಕ್ಕಿಂತ ಬೇರೆ ಶಾಸನ ಬೇಕೆಂದು ನನಗೆ ಅನಿಸಲಿಲ್ಲ.

ಇತಿಹಾಸದ ತಿರುವು ಇರುವುದು 1492 ಮತ್ತು 1571ರ ನಡುವಿನ ಎಂಬತ್ತು ವರ್ಷಗಳಲ್ಲಿ. 1492ರಲ್ಲಿ ಗ್ರನಾಡಾ ಕ್ಯಾಥೊಲಿಕ್ ದೊರೆಗಳ ವಶವಾದಾಗ, ಕೊನೆಯ ಸುಲ್ತಾನ ಬೊಅಬ್ದಿಲ್‌ಗೆ ಅಲ್ಪುಹಾರಾವನ್ನು ಜಹಗೀರಾಗಿ ಕೊಡಲಾಯಿತು. ಮರುವರ್ಷವೇ ಅವನು ಅದನ್ನು ಬಿಟ್ಟು ಮೊರಾಕ್ಕೊದ ಫೆಸ್‌ಗೆ ಹೊರಟುಹೋದ. ಧರ್ಮಕ್ಕೆ ಧಕ್ಕೆಯಿಲ್ಲ ಎಂದು ಕೊಟ್ಟಿದ್ದ ಮಾತು ಹತ್ತು ವರ್ಷವೂ ನಿಲ್ಲಲಿಲ್ಲ. 1499ರಿಂದ 1501ರವರೆಗಿನ ಬಂಡಾಯ ಅಡಗಿದ ಬಳಿಕ ಜನರಿಗೆಲ್ಲ ಬಲವಂತದ ದೀಕ್ಷಾಸ್ನಾನವಾಯಿತು, ಅವರಿಗೆ ಮೊರಿಸ್ಕೊ ಎಂಬ ಹೆಸರು ಬಂತು. ಆದರೂ ಬೆಟ್ಟದಲ್ಲಿ ಬದುಕು ಬಹುಮಟ್ಟಿಗೆ ಹಳೆಯ ಜಾಡಿನಲ್ಲೇ ಸಾಗಿತ್ತು: ಮನೆಯಲ್ಲಿ ಅರಬ್ಬಿ ಮಾತು, ಹೊಲದ ಬದಿಗೆ ಹಿಪ್ಪುನೇರಳೆ ಮರ, ಗ್ರನಾಡಾದ ಪೇಟೆಗೆ ರೇಷ್ಮೆ. 1567ರ ಜನವರಿಯಲ್ಲಿ ಎರಡನೆಯ ಫೆಲಿಪೆಯ ರಾಜಾಜ್ಞೆಯನ್ನು ಸಾರಲಾಯಿತು. ಅದು ಅರಬ್ಬಿ ಭಾಷೆಯನ್ನು, ಉಡುಪನ್ನು, ಹೆಸರುಗಳನ್ನು, ಕೊನೆಗೆ ಸ್ನಾನಗೃಹಗಳನ್ನೂ ನಿಷೇಧಿಸಿತು. 1568ರ ಕ್ರಿಸ್‌ಮಸ್ ಹೊತ್ತಿಗೆ ಅಲ್ಪುಹಾರಾ ಹೊತ್ತಿ ಉರಿಯಿತು.

ಬಂಡಾಯಗಾರರು ಆರಿಸಿದ ಅರಸ ಅಬೆನ್ ಉಮೇಯಾ. ಮರುವರ್ಷ ಅವನು ತನ್ನವರ ಕೈಯಲ್ಲೇ ಸತ್ತ. 1569ರ ಜನವರಿಯಲ್ಲಿ ದೊರೆಯ ಸೇನಾನಿಯಾದ ಮೊಂದೇಹಾರ್‌ನ ಮಾರ್ಕಿ ಎಂಬ ಸರದಾರನು ಸೈನ್ಯದೊಡನೆ ಪಕ್ಕದ ಪೊಕೆಯಿರಾ ಕಣಿವೆಯನ್ನು ಗೆದ್ದು ಪೀತ್ರೆಸ್ ದಾಟಿ ಮುಂದೆ ಸಾಗಿದ. ಯುದ್ಧ 1571ರವರೆಗೆ ಎಳೆಯಿತು. ಅದು ಪೂರ್ತಿ ಮುಗಿಯುವ ಮೊದಲೇ, 1570ರ ನವೆಂಬರ್‌ನಲ್ಲಿ, ಗ್ರನಾಡಾ ರಾಜ್ಯದ ಮೊರಿಸ್ಕೊಗಳನ್ನು, ಬಂಡೆದ್ದವರು ಏಳದವರು ಎಂಬ ಭೇದವಿಲ್ಲದೆ, ಚಳಿಗಾಲದ ದಾರಿಯಲ್ಲಿ ಕ್ಯಾಸ್ಟಿಲ್ ಕಡೆಗೆ ಹೊರದಬ್ಬಲಾಯಿತು. ಹಾಗೆ ಹೊರಟವರು ಸುಮಾರು 80,000 ಮಂದಿ ಎಂಬುದು ಇತಿಹಾಸಕಾರರು ಸಾಮಾನ್ಯವಾಗಿ ಕೊಡುವ ಲೆಕ್ಕ. ಖಾಲಿಯಾದ ಊರುಗಳಿಗೆ ಗಲೀಷಿಯಾ, ಲೆಯೋನ್, ಕ್ಯಾಸ್ಟಿಲ್ ಮತ್ತು ಆಂದಲೂಸಿಯಾದ ಉಳಿದ ಭಾಗಗಳಿಂದ ಒಕ್ಕಲುಗಳನ್ನು ಕರೆತಂದರು.

ನನಗೆ ಅತ್ಯಂತ ಕುತೂಹಲಕರವಾಗಿ ಕಂಡದ್ದು ಆ ಹಂಚಿಕೆಯ ಬಗೆ. ಬಂದ ಪ್ರತಿ ಕುಟುಂಬಕ್ಕೂ ಸುಯೆರ್ತೆ, ಅಂದರೆ ಅದೃಷ್ಟದ ಪಾಲು, ಎಂಬ ಹೆಸರಿನಲ್ಲಿ ಒಂದು ಮನೆ, ತುಸು ನೀರಾವರಿ ಜಮೀನು, ತುಸು ಬೆದ್ದಲು, ಒಂದಿಷ್ಟು ಮರಗಳು ಸಿಕ್ಕವು. ಹಂಚುವ ಮೊದಲು ಯಾವ ಹೊಲ ಎಲ್ಲಿ ಮುಗಿಯುತ್ತದೆ, ಯಾವ ಮರ ಯಾರದು, ನೀರು ಯಾವ ಸರದಿಯಲ್ಲಿ ಬರುತ್ತದೆ ಎಂಬುದು ಅಧಿಕಾರಿಗಳಿಗೆ ತಿಳಿಯಬೇಕಿತ್ತಲ್ಲ! ಅದಕ್ಕಾಗಿ ಊರನ್ನು ಬಲ್ಲ ಹಳಬರನ್ನು ಹುಡುಕಿ, ಅವರ ಜೊತೆ ಗಡಿ ತುಳಿದು, ಎಲ್ಲವನ್ನೂ ದಫ್ತರಕ್ಕೆ ಬರೆಸಿದರು. ಹೊರಹಾಕಿದ ಜನರ ಊರು ಹೇಗಿತ್ತು ಎಂಬುದನ್ನು ನಾವು ಇಂದು ತಿಳಿಯುವುದು ಬಹುಮಟ್ಟಿಗೆ ಹೊರಹಾಕಿದವರೇ ಬರೆಸಿದ ಈ ದಫ್ತರಗಳಿಂದ.

ರೇಷ್ಮೆ ಕಸುಬು ಆ ಬಳಿಕ ಮೊದಲಿನಂತಾಗಲಿಲ್ಲ. ನೀರಿನ ವ್ಯವಸ್ಥೆ ಮಾತ್ರ ಉಳಿಯಿತು, ಏಕೆಂದರೆ ಅದಿಲ್ಲದೆ ಆ ಇಳಿಜಾರಿನಲ್ಲಿ ಯಾವ ಧರ್ಮದವನೂ ಬೆಳೆ ತೆಗೆಯಲಾರ. ಅರಬ್ಬಿ ಮೂಲದ ಅಸೇಕಿಯಾ ಎಂಬ ಪದದಿಂದಲೇ ಇಂದಿಗೂ ಕಾಲುವೆಗಳನ್ನು ಕರೆಯುತ್ತಾರೆ. ಅವುಗಳಲ್ಲಿ ಕರೇಯೊ ಎಂಬ ಬಗೆಯವು ಬಹಳ ಜಾಣತನದವು. ವಸಂತದಲ್ಲಿ ಕರಗುವ ಹಿಮದ ನೀರನ್ನು ಅವು ಹೊಲಕ್ಕೆ ಒಯ್ಯುವುದಿಲ್ಲ. ಎತ್ತರದಲ್ಲೇ ಅಡ್ಡಲಾಗಿ ಸಾಗಿಸಿ, ಸಡಿಲ ನೆಲವಿರುವ ಕಡೆ ಇಂಗಲು ಬಿಡುತ್ತವೆ. ಆ ನೀರು ನೆಲದೊಳಗೆ ನಿಧಾನವಾಗಿ ಇಳಿದು, ವಾರಗಳೋ ತಿಂಗಳುಗಳೋ ಕಳೆದ ಮೇಲೆ, ಬೇಸಿಗೆಯಲ್ಲಿ ಹಳ್ಳಿಗಳ ಬುಗ್ಗೆಗಳಲ್ಲಿ ಮೇಲೇಳುತ್ತದೆ. ಇದಕ್ಕೆ ಅಲ್ಲಿನವರು ನೀರು ಬಿತ್ತುವುದು ಎನ್ನುತ್ತಾರೆ. ಮೆಸೀನಾದ ಬಳಿ ಒಂದು ಬೆಳಿಗ್ಗೆ, ಕಾಲುವೆಯ ಬಾಯಿಗೆ ಹೆಂಟೆ ಮತ್ತು ಚಪ್ಪಡಿ ಒತ್ತಿ ಒಂದು ಹೊಲದ ನೀರನ್ನು ಇನ್ನೊಂದಕ್ಕೆ ತಿರುಗಿಸುತ್ತಿದ್ದ ವೃದ್ಧರನ್ನು ಕಂಡೆ. ಕೈಗಡಿಯಾರ ನೋಡಿಕೊಂಡೇ ಅವರು ಸಲಿಕೆ ಎತ್ತಿದರು. ಸರದಿಯಲ್ಲಿ ಹತ್ತು ನಿಮಿಷ ಹೆಚ್ಚುಕಡಿಮೆಯಾದರೂ ಅಲ್ಲಿ ಜಗಳವಾಗುತ್ತದಂತೆ. ನಮ್ಮ ಕೆರೆಗಳ ನೀರುಗಂಟಿಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಮನೆಗಳ ವಿಷಯವೂ ಹಾಗೆಯೇ. ಸ್ಪೇನಿನ ಉಳಿದೆಡೆ ಇಳಿಜಾರು ಹೆಂಚಿನ ಮಾಡು ಸಾಮಾನ್ಯವಾದರೆ ಇಲ್ಲಿ ಎಲ್ಲವೂ ಮಣ್ಣಿನ ಮಾಳಿಗೆ ಮನೆಗಳು, ಮೊರಾಕ್ಕೊದ ಅಟ್ಲಸ್ ಬೆಟ್ಟಗಳ ಬೆರ್ಬೆರ್ ಮನೆಗಳ ಹತ್ತಿರದ ನೆಂಟರು. ಕಲ್ಲಿನ ಗೋಡೆ, ಚೆಸ್ಟ್‌ನಟ್ ಮರದ ತೊಲೆ, ಅದರ ಮೇಲೆ ಹಲಗೆ ಇಲ್ಲವೇ ಜೊಂಡು, ಆಮೇಲೆ ಕಲ್ಲಿನ ಚಪ್ಪಡಿ, ಎಲ್ಲಕ್ಕೂ ಮೇಲೆ ಲೌನಾ ಎಂಬ ಬೂದು ಜೇಡಿಯ ಹೊದಿಕೆ. ಒಣಗಿದಾಗ ಪುಡಿಯಂತಿರುವ ಲೌನಾ ಮಳೆ ಬಿದ್ದೊಡನೆ ಬಿಗಿದುಕೊಂಡು ನೀರನ್ನು ಒಳಗೆ ಬಿಡುವುದಿಲ್ಲ. ಓಣಿಯ ಮೇಲೆ ಎರಡು ಮನೆಗಳನ್ನು ಬೆಸೆಯುವ ಚಾವಣಿಗೆ ತಿನಾವೊ ಎಂದು ಹೆಸರು. ಫೊಂದಾಲೆಸ್‌ನಲ್ಲಿ ಬಿಸಿಲಿಗೆ ನಾನು ನಿಂತದ್ದು ಅಂತಹದೊಂದರ ನೆರಳಿನಲ್ಲಿ.

ಇಪ್ಪತ್ತನೆಯ ಶತಮಾನದ ಕಥೆ ಚಿಕ್ಕದು. 1950ರ ದಶಕದಿಂದ ಯುವಜನ ಬಾರ್ಸಿಲೋನಾಕ್ಕೂ ಜರ್ಮನಿಗೂ ದುಡಿಯಲು ಹೋದರು, ಮೆಟ್ಟಿಲು ಹೊಲಗಳು ಪಾಳುಬಿದ್ದವು, ಆಡಳಿತಗಳ ವಿಲೀನಕ್ಕೂ ಜನ ಕಡಿಮೆಯಾದದ್ದೇ ಮುಖ್ಯ ಹಿನ್ನೆಲೆ. ಈಚೆಗೆ ಉತ್ತರ ಯೂರೋಪಿನವರು ಕೆಲವರು ಹಳೆಯ ಮನೆಗಳನ್ನು ಕೊಂಡು ನೆಲೆಸಿದ್ದಾರೆ. 2007ರಲ್ಲಿ ಆಂದಲೂಸಿಯಾ ಸರ್ಕಾರ ಈ ಹಳ್ಳಿಗಳನ್ನೂ ನೆರೆಯ ಕೆಲವು ಊರುಗಳನ್ನೂ ಒಟ್ಟಾಗಿ ಐತಿಹಾಸಿಕ ಸ್ಥಳವೆಂದು ಘೋಷಿಸಿತು.

ಹೋಗುವ ಯೋಚನೆಯಿದ್ದರೆ ಪೀತ್ರೆಸ್‌ನಿಂದ ಕೆಳಗಿಳಿಯುತ್ತಾ ಮೆಸೀನಾ, ಫೊಂದಾಲೆಸ್ ನೋಡಿ, ನದಿಯ ಹಳೆಯ ಸೇತುವೆಯವರೆಗೆ ಹೋಗಿ, ಫೆರೆಯಿರೋಲಾದ ಬುಗ್ಗೆಯ ಕಡೆಯಿಂದ ಅತಾಲ್ಬೇಯಿತಾರ್ ಮೂಲಕ ಹಿಂದಿರುಗಿ. ಮರಳುವ ದಾರಿಯೆಲ್ಲ ಏರು. ಅದಕ್ಕೆ ಬೇಕಾದಷ್ಟು ಹೊತ್ತು ಉಳಿಸಿಕೊಂಡು ಬೆಳಿಗ್ಗೆಯೇ ಹೊರಡಿ.