ಹಳೆಯ ಕಾಲದ ಮನೆ, ಬಾವಿ, ಕಲ್ಯಾಣಿಗಳು ಮಕ್ಕಳಿಗೆ ನಿಜಕ್ಕೂ ಸುರಕ್ಷಿತವಾಗಿದ್ದವೇ?

ನಮ್ಮ ಹಿರಿಯರು ಕಟ್ಟಿದ ತೊಟ್ಟಿ ಮನೆ, ಬಾವಿ, ಕಲ್ಯಾಣಿಗಳಲ್ಲಿ ಸುರಕ್ಷತೆಯ ಯೋಚನೆ ಇತ್ತೇ, ಇಲ್ಲವೇ ಅದು ಬಾಲ್ಯದ ನೆನಪು ಹುಟ್ಟಿಸಿದ ಭ್ರಮೆಯೇ ಎಂದು ನೀವು ಕೇಳಿದ್ದೀರಿ. ಯೋಚನೆ ಖಂಡಿತ ಇತ್ತು. ಆದರೆ ಅದರಲ್ಲಿ ಅರ್ಧ ಪಾಲು ಕಲ್ಲು ಮರಗಳಲ್ಲಿದ್ದರೆ, ಉಳಿದರ್ಧ ಅಲ್ಲಿ ಸದಾ ಓಡಾಡಿಕೊಂಡಿದ್ದ ಜನರಲ್ಲಿತ್ತು. ಇದು ನನಗೆ ಗೊತ್ತಾದದ್ದು ಬಹಳ ತಡವಾಗಿ, ನನ್ನದೇ ಒಂದು ನೆನಪು ಸುಳ್ಳಾದ ಮೇಲೆ.

ನನ್ನ ಅಜ್ಜಿಯ ಊರು ಮಂಡ್ಯ ಜಿಲ್ಲೆಯ ನಾಗಮಂಗಲ ತಾಲ್ಲೂಕಿನಲ್ಲಿದೆ. ಊರ ದೇವಸ್ಥಾನದ ಮುಂದೆ ನಾಲ್ಕೂ ಕಡೆ ಮೆಟ್ಟಿಲುಗಳಿರುವ ಒಂದು ಚಿಕ್ಕ ಕಲ್ಯಾಣಿ. 1984ರ ಬೇಸಿಗೆ ರಜೆಯಲ್ಲಿ, ನನಗೆ ಏಳು ವರ್ಷವಾಗಿದ್ದಾಗ, ಹಿತ್ತಾಳೆಯ ಚೊಂಬೊಂದು ಕೈಜಾರಿ ನೀರಿನೊಳಗಿನ ಮೆಟ್ಟಿಲ ಮೇಲೆ ಉರುಳಿತು. ಅದು ಕಣ್ಣಿಗೆ ಕಾಣುತ್ತಲೇ ಇತ್ತು. ಎತ್ತಿಕೊಳ್ಳಲು ಒಂದು ಮೆಟ್ಟಿಲು ಇಳಿದೆ, ಇನ್ನೊಂದು ಇಳಿದೆ, ಮೂರನೆಯದರಲ್ಲಿ ಪಾಚಿ ಇತ್ತು. ಜಾರಿ ಕುಳಿತವನಿಗೆ ಕೆಳಗಿನ ಮೆಟ್ಟಿಲು ಆಸರೆಯಾಯಿತು, ನೀರು ಗಲ್ಲದವರೆಗೆ ಬಂದು ನಿಂತಿತು, ನಾನೇ ಎದ್ದು ಬಂದೆ. ಹೀಗೆಂದು ನಾನು ಸುಮಾರು ಮೂವತ್ತು ವರ್ಷ ಸ್ನೇಹಿತರಿಗೆ, ಮಕ್ಕಳಿಗೆ, ಒಮ್ಮೆ ವಾಸ್ತುಶಿಲ್ಪಿಯೊಬ್ಬರಿಗೂ ಹೇಳಿಕೊಂಡು ಬಂದಿದ್ದೆ.

ಒಂದು ಮದುವೆ ಮನೆಯಲ್ಲಿ ಈ ಕಥೆ ಹೇಳುತ್ತಿದ್ದಾಗ ಚಿಕ್ಕಮ್ಮ ನಕ್ಕುಬಿಟ್ಟರು. ನಾನು ಎದ್ದು ಬಂದಿರಲೇ ಇಲ್ಲವಂತೆ. ಪಕ್ಕದ ಸೋಪಾನದಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ಕೈಯಲ್ಲಿದ್ದ ಸೀರೆ ಬಿಟ್ಟು ಬಂದು, ಕೂದಲು ಹಿಡಿದು ನನ್ನನ್ನು ಮೇಲಕ್ಕೆಳೆದು, "ಯಾರ ಮಗನ್ಲಾ ನೀನು?" ಎಂದು ಬೆನ್ನಿಗೊಂದು ಬಾರಿಸಿ, ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದ ಅಜ್ಜಿಯ ಮುಂದೆ ತಂದು ನಿಲ್ಲಿಸಿದಳಂತೆ. ಬೆನ್ನಿಗೆ ಬಿದ್ದ ಏಟು ನನಗೆ ನೆನಪಿತ್ತು, ಆದರೆ ಅದು ಅಜ್ಜಿ ಕೊಟ್ಟದ್ದೆಂದು ಇಷ್ಟು ವರ್ಷ ನಂಬಿದ್ದೆ.

ಹಾಗೆಂದು ಆ ಮೆಟ್ಟಿಲುಗಳನ್ನು ನಾನು ಕಡಿಮೆ ಮಾಡಿ ಹೇಳುತ್ತಿಲ್ಲ. ಅವು ಇಲ್ಲದಿದ್ದರೆ ಆ ಹೆಂಗಸಿನ ಕೈಗೆ ನನ್ನ ಕೂದಲು ಸಿಗುತ್ತಿರಲಿಲ್ಲ. ಹಂಪಿಯ ಅರಮನೆ ಆವರಣದಲ್ಲಿ 1980ರ ದಶಕದ ಉತ್ಖನನದಿಂದ ಬೆಳಕಿಗೆ ಬಂದ ಕರಿಕಲ್ಲಿನ ಪುಷ್ಕರಣಿಯನ್ನು ನೋಡಿದವರಿಗೆ ಈ ಮಾತು ಸುಲಭವಾಗಿ ಅರ್ಥವಾಗುತ್ತದೆ. ಐದು ಹಂತಗಳಲ್ಲಿ ಕಿರಿದಾಗುತ್ತಾ ಇಳಿಯುವ ಆ ಕೊಳದಲ್ಲಿ ಪ್ರತಿ ಹಂತದಲ್ಲೂ ನಿಲ್ಲಲು ಜಾಗವಿದೆ, ಅಲ್ಲಿಂದ ಕೆಳಗಿನ ಹಂತಕ್ಕೆ ಪುಟ್ಟ ಪುಟ್ಟ ಮೆಟ್ಟಿಲುಗಳಿವೆ. ಎಡವಿದವನು ಬಿದ್ದರೆ ಒಂದು ಹಂತ ಬೀಳುತ್ತಾನೆ, ನೀರು ಎಷ್ಟೇ ಏರಲಿ ಇಳಿಯಲಿ ಅದರ ಅಂಚಿನಲ್ಲಿ ಕಾಲಿಡಲು ಕಲ್ಲು ಇದ್ದೇ ಇರುತ್ತದೆ. ಇದನ್ನು ಇಂದಿನ ಕೃಷಿ ಹೊಂಡದೊಂದಿಗೆ ಹೋಲಿಸಿ ನೋಡಿ. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಒಣಬೇಸಾಯದ ಊರುಗಳಲ್ಲಿ ಇವು ಹೆಚ್ಚಿದವು, ರೈತರಿಗೆ ಅನುಕೂಲವೂ ಆಯಿತು. ಆದರೆ ನೀರು ಇಂಗದಿರಲೆಂದು ಇಳಿಜಾರಿಗೆ ಹೊದಿಸುವ ಪ್ಲಾಸ್ಟಿಕ್ ಹಾಳೆ ಒದ್ದೆಯಾದರೆ ಅದರ ಮೇಲೆ ಕಾಲು ನಿಲ್ಲುವುದಿಲ್ಲ, ಒಳಗೆ ಬಿದ್ದವನಿಗೆ ಈಜು ಬಂದರೂ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ಸುತ್ತಲೂ ತಂತಿ ಬೇಲಿ ಹಾಕಲು ಈಗ ಸಹಾಯಧನವಿದೆ, ಅದು ಬೇಕಾದದ್ದೇ. ಅದರ ಜೊತೆಗೆ ಗಂಟು ಹಾಕಿದ ಒಂದು ದಪ್ಪ ಹಗ್ಗವನ್ನೋ ಹಳೆಯ ಟೈರುಗಳ ಸರವನ್ನೋ ದಡದಿಂದ ನೀರಿಗೆ ಇಳಿಬಿಟ್ಟರೆ ಕಲ್ಯಾಣಿಯ ಮೆಟ್ಟಿಲಿನ ಕೆಲಸ ಒಂದಿಷ್ಟಾದರೂ ಆದೀತೆಂದು ನನಗೆ ಅನಿಸುತ್ತದೆ.

ಬಾವಿಯ ವಿಷಯವೂ ಹೀಗೆಯೇ. ಸೇದುವ ಬಾವಿ ದೂರದಿಂದಲೇ ಕಾಣುತ್ತಿತ್ತು. ಅದಕ್ಕೆ ಕಟ್ಟೆ, ರಾಟೆ, ಹಗ್ಗ ಉಜ್ಜಿ ಉಜ್ಜಿ ಸವೆದ ಕಲ್ಲು, ಸುತ್ತ ಬಿಂದಿಗೆ ಹಿಡಿದ ನಾಲ್ಕು ಜನ ಇರುತ್ತಿದ್ದರು. ನೀರು ಬಾರದೆ ಕೈಬಿಟ್ಟ ಕೊಳವೆ ಬಾವಿಯಾದರೋ ಹೊಲದ ನಡುವೆ ಕಣ್ಣಿಗೇ ಬೀಳದ, ಒಂದು ಗೇಣು ಅಗಲದ ತೂತು. ಅಂಥ ಬಾವಿಗಳನ್ನು ತಳದಿಂದ ಮೇಲಿನವರೆಗೆ ಮುಚ್ಚಬೇಕು, ಕೊರೆಯುವಾಗ ಸುತ್ತ ಬೇಲಿ ಮತ್ತು ಫಲಕ ಇರಬೇಕು ಎಂದು ಸುಪ್ರೀಂ ಕೋರ್ಟ್ 2010ರಲ್ಲಿಯೇ ನಿರ್ದೇಶನ ನೀಡಿದೆ. ಹಾಗಿದ್ದೂ 2024ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆಯ ಲಚ್ಯಾಣದಲ್ಲಿ ಎರಡು ವರ್ಷದೊಳಗಿನ ಮಗುವೊಂದು ಕೊಳವೆ ಬಾವಿಗೆ ಬಿತ್ತು. ಸುಮಾರು 20 ಗಂಟೆಗಳ ಕಾರ್ಯಾಚರಣೆಯ ನಂತರ ಜೀವಂತವಾಗಿ ಹೊರಬಂದದ್ದು ಆ ಮಗುವಿನ ಪುಣ್ಯ.

ಇನ್ನು ಮನೆಯ ಮಾತು. ಜಗಲಿಯ ಮೇಲೆ ಹೊತ್ತು ಕಳೆಯುತ್ತಿದ್ದ ಮುದುಕ ಮುದುಕಿಯರು ಬೀದಿಯ ಕಾವಲುಗಾರರಾಗಿದ್ದರೆಂಬುದನ್ನು ಎಲ್ಲರೂ ಹೇಳುತ್ತಾರೆ, ಅದು ನಿಜವೂ ಹೌದು. ಅಜ್ಜಿಯ ಮನೆಯಲ್ಲಿ ನನಗೆ ಅದಕ್ಕಿಂತ ಇಷ್ಟವಾಗುತ್ತಿದ್ದುದು ಬಚ್ಚಲಿನ ಕಲ್ಲು. ಅದನ್ನು ನಯ ಮಾಡದೆ, ಚಾಣದ ಪೆಟ್ಟಿನ ಗುರುತುಗಳನ್ನು ಹಾಗೆಯೇ ಉಳಿಸಿದ್ದರು, ಎಣ್ಣೆ ಸೀಗೆಯ ದಿನವೂ ಕಾಲು ಜಾರುತ್ತಿರಲಿಲ್ಲ. ಈಗ ಬೆಂಗಳೂರಿನ ನನ್ನ ಮನೆಯ ಸ್ನಾನದ ಕೋಣೆಯಲ್ಲಿ ಕನ್ನಡಿಯಂತೆ ಹೊಳೆಯುವ ಟೈಲ್ಸ್ ಹಾಕಿಸಿ, ಅದರ ಮೇಲೆ ರಬ್ಬರ್ ಚಾಪೆ ಹಾಸಿಕೊಂಡಿದ್ದೇವೆ.

ಆದರೆ ಅದೇ ಮನೆಯ ಹೊಸ್ತಿಲು ಮೊಣಕಾಲಿಗೆ ತುಸು ಕೆಳಗೆ ಬರುವಷ್ಟು ಎತ್ತರವಿತ್ತು. ಮಳೆನೀರು, ಚೇಳು, ಅಂಬೆಗಾಲಿಡುವ ಕೂಸು ಎಲ್ಲವನ್ನೂ ತಡೆಯುತ್ತಿದ್ದ ಆ ಹೊಸ್ತಿಲನ್ನೇ ಎಡವಿ, ನಡುಮನೆಯ ಕತ್ತಲಲ್ಲಿ ಬಿದ್ದು, ನನ್ನ ತಾತ ಸೊಂಟ ಮುರಿದುಕೊಂಡರು. ಅವರು ಮತ್ತೆ ಎದ್ದು ಓಡಾಡಲಿಲ್ಲ. ಬಾಗಿಲು ಗಿಡ್ಡವಾಗಿರುವುದು ಕಳ್ಳ ತಲೆತಗ್ಗಿಸಿ ಬರಲೆಂದು ಎನ್ನುವವರಿದ್ದಾರೆ. ನಮ್ಮ ಮನೆಯಲ್ಲಿ ಅದಕ್ಕೆ ತಲೆ ಬಡಿಸಿಕೊಂಡವರೆಲ್ಲ ನೆಂಟರೇ.

ಇನ್ನೂ ಒಂದನ್ನು ಮರೆಮಾಚಬಾರದು. ನಾನು ಬಿದ್ದ ಆ ಕಲ್ಯಾಣಿಗೆ ಊರಿನ ಒಂದು ಕೇರಿಯವರು ಇಳಿಯುವಂತಿರಲಿಲ್ಲ. ಅವರ ಮಕ್ಕಳು ಈಜು ಕಲಿತದ್ದು ಮಣ್ಣು ತೆಗೆದು ಗುಂಡಿಬಿದ್ದ ಕೆರೆಯಲ್ಲಿ. ಅಲ್ಲಿ ಮೆಟ್ಟಿಲೂ ಇರಲಿಲ್ಲ, ಆಳ ಎಲ್ಲಿ ಶುರುವಾಗುತ್ತದೆಂದು ಹೇಳುವವರೂ ಇರಲಿಲ್ಲ. ಹಳೆಯ ವಿನ್ಯಾಸವನ್ನು ಹೊಗಳುವಾಗ ಅದು ಯಾರ ಮಕ್ಕಳಿಗಾಗಿ ಇತ್ತು ಎಂಬ ಪ್ರಶ್ನೆ ನನ್ನನ್ನು ಈಗ ಕಾಡುತ್ತದೆ. ಬಾಲ್ಯದಲ್ಲಿ ಅದು ಹೊಳೆದಿರಲೇ ಇಲ್ಲ.

ಕಳೆದ ಬೇಸಿಗೆಯಲ್ಲಿ ಊರಿಗೆ ಹೋಗಿದ್ದೆ. ಕಲ್ಯಾಣಿಯ ಸುತ್ತ ಕಬ್ಬಿಣದ ಬೇಲಿ ಹಾಕಿ, ಗೇಟಿಗೆ ಬೀಗ ಜಡಿದು, "ನೀರಿಗೆ ಇಳಿಯಬಾರದು" ಎಂಬ ಫಲಕ ನಿಲ್ಲಿಸಿದ್ದಾರೆ. ಮನೆಮನೆಗೆ ನಲ್ಲಿ ಬಂದ ಮೇಲೆ ಅಲ್ಲಿ ಬಟ್ಟೆ ಒಗೆಯುವವರಿಲ್ಲ, ಮೆಟ್ಟಿಲುಗಳ ಸಂದಿಯಲ್ಲಿ ಗಿಡ ಬೆಳೆದಿದೆ. ಬೇಲಿ ಮುರಿದಿದ್ದ ಮೂಲೆಯಿಂದ ಮೂವರು ಹುಡುಗರು ಬೆನ್ನಿಗೆ ಪ್ಲಾಸ್ಟಿಕ್ ಕ್ಯಾನ್ ಕಟ್ಟಿಕೊಂಡು ಒಳಗೆ ನುಗ್ಗಿ ಈಜುತ್ತಿದ್ದರು. ಬೈದರೆ ನಾನು ಹೋದ ಮೇಲೆ ಮತ್ತೆ ಬರುತ್ತಾರೆಂದು ಗೊತ್ತಿತ್ತು. ನಾನೂ ಅದೇ ಸಂದಿಯಿಂದ ತೂರಿ ಹೋಗಿ, ಅವರು ಮೇಲೆ ಬಂದು ಅಂಗಿ ಹಾಕಿಕೊಳ್ಳುವವರೆಗೆ ಮೆಟ್ಟಿಲ ಮೇಲೆ ಕುಳಿತಿದ್ದೆ.