ಬಾಗಿಲು ಹಾಕ್ಕೊಂಡು ಏನು ಮಾತಾಡ್ತೀರಿ?

ಈ ಸಲ ಬಂದ ಕಾಗದಗಳಲ್ಲಿ ಮೂರನ್ನು ಆರಿಸಿಕೊಂಡಿದ್ದೇನೆ. ಬರೆದವರು ಒಬ್ಬ ತಾಯಿ, ಒಬ್ಬ ಇಂಜಿನಿಯರ್, ಒಬ್ಬ ಹುಡುಗ. ಮೂವರ ತಲೆ ತಿನ್ನುತ್ತಿರುವುದು ಹೆಚ್ಚುಕಡಿಮೆ ಒಂದೇ ವಿಷಯ: ಕೌನ್ಸೆಲಿಂಗ್ ಕೋಣೆಯೊಳಗೆ ಆಡಿದ ಮಾತು ಯಾರ ಕಿವಿಗೆ ಹೋಗುತ್ತದೆ?

ಪ್ರಶ್ನೆ: ಮೇಡಂ, ನನ್ನ ಮಗಳಿಗೆ 17 ವರ್ಷ. ಸೆಕೆಂಡ್ ಪಿಯು ಸೈನ್ಸ್, ಹಾಸ್ಟೆಲ್‌ನಲ್ಲಿ ಓದುತ್ತಿದ್ದಾಳೆ. ದಸರಾ ರಜೆಗೆ ಬಂದಾಗ ನೋಡಿದರೆ ಎಡಗಡೆಯ ಹುಬ್ಬು ಅರ್ಧ ಇಲ್ಲ! ಓದಲು ಕೂತರೆ ತಾನೇ ಕೂದಲು ಕೀಳುತ್ತಾಳೆ. ಹರಳೆಣ್ಣೆ ಹಚ್ಚಿದೆ, ದೃಷ್ಟಿ ತೆಗೆದೆ, ಕೈ ಮೇಲೆ ಹೊಡೆದೂ ನೋಡಿದೆ. ಆಮೇಲೆ ನಮ್ಮೂರಿನ ಒಬ್ಬ ಕೌನ್ಸೆಲರ್ ಹತ್ತಿರ ಕಳಿಸುತ್ತಿದ್ದೇವೆ. ಒಂದು ಸಲಕ್ಕೆ 600 ರೂಪಾಯಿ. ನಾಲ್ಕು ಸಲ ಆಯಿತು. ಮುಕ್ಕಾಲು ಗಂಟೆ ಬಾಗಿಲು ಹಾಕ್ಕೊಂಡು ಕೂರುತ್ತಾರೆ. ಏನು ಮಾತಾಡಿದೆ ಅಂದರೆ ಮಗಳು 'ಏನಿಲ್ಲ' ಅನ್ನುತ್ತಾಳೆ. ಅವರನ್ನು ಕೇಳಿದರೆ ನಗುತ್ತಾರೆ. ನಾಲ್ಕು ಬುದ್ಧಿಮಾತು ಹೇಳಲಿ ಅಂತ ಕಳಿಸಿದರೆ ನೋಟ್‌ಬುಕ್ಕಿನಲ್ಲಿ ಗೀಟು ಹಾಕಿಸುತ್ತಾರಂತೆ. ಮಗಳು ನಮ್ಮದು, ದುಡ್ಡು ನಮ್ಮದು. ಕೇಳೋದು ತಪ್ಪಾ?

ಉತ್ತರ: ಕೇಳೋದು ತಪ್ಪಲ್ಲಮ್ಮ. ನಿಮ್ಮ ಜಾಗದಲ್ಲಿ ನಾನಿದ್ದರೆ ಬಾಗಿಲಿಗೆ ಕಿವಿ ಇಡುತ್ತಿದ್ದೆನೋ ಏನೋ.

ಇದು ಸುಮ್ನೆ ಹೇಳುವ ಮಾತಲ್ಲ. ನಾನೂ ಕೌನ್ಸೆಲರೇ. ದಾವಣಗೆರೆಯಲ್ಲಿ ನನ್ನ ಕೋಣೆ ಇರುವುದು ಒಂದು ಮೆಡಿಕಲ್ ಶಾಪಿನ ಮಹಡಿಯಲ್ಲಿ. ಹೊರಗೆ ಬೆಂಚು ಹಾಕಿದ್ದೇನೆ. ಬೆಂಚಿನ ಯಾವ ತುದಿಯಲ್ಲಿ ಕೂತರೆ ಒಳಗಿನ ಮಾತು ಕೇಳುತ್ತದೆ ಅನ್ನುವುದು ಅಪ್ಪ-ಅಮ್ಮಂದಿರಿಗೆ ಎರಡನೇ ವಾರದಲ್ಲೇ ಗೊತ್ತಾಗುತ್ತದೆ! ಅದಕ್ಕೇ ಆ ತುದಿಯಲ್ಲಿ ಒಂದು ಹಳೇ ರೇಡಿಯೋ ಇಟ್ಟಿದ್ದೇನೆ. ಭದ್ರಾವತಿ ಆಕಾಶವಾಣಿ, ಸ್ವಲ್ಪ ಜೋರಾಗಿ. ಹಾಡು ಕೇಳಲಿ ಅಂತಲ್ಲ.

ಮೊದಲು ಹುಬ್ಬಿನ ವಿಷಯ. ಇದು ದೃಷ್ಟಿಯಲ್ಲ, ಕೊಬ್ಬೂ ಅಲ್ಲ. ಇದಕ್ಕೆ ಟ್ರೈಕೋಟಿಲೋಮೇನಿಯಾ ಅಂತ ಹೆಸರಿದೆ. ಹೆಸರು ದೊಡ್ಡದು, ಅಷ್ಟೆ. ಎಷ್ಟೋ ಮಕ್ಕಳಲ್ಲಿ 10ರಿಂದ 13ನೇ ವಯಸ್ಸಿನಲ್ಲೇ ಶುರುವಾಗುತ್ತದೆ. ಯಾರಿಗೂ ಕಾಣದ ಹಾಗೆ ವರ್ಷಗಟ್ಟಲೆ ಮುಚ್ಚಿಡುತ್ತಾರೆ. ಓದುವಾಗ, ಟೀವಿ ನೋಡುವಾಗ, ಬೇಜಾರಾದಾಗ, ಹೆದರಿಕೆಯಾದಾಗ ಕೈ ತಾನಾಗಿ ಮೇಲೆ ಹೋಗುತ್ತದೆ. ಹೋಗಿದ್ದು ಎಷ್ಟೋ ಸಲ ಅವರಿಗೇ ತಿಳಿಯುವುದಿಲ್ಲ. ತಿಳಿಯದೆ ಮಾಡಿದ್ದಕ್ಕೆ ಏಟು ಬಿದ್ದರೆ ಏನಾಗುತ್ತದೆ ಹೇಳಿ? ಕೀಳುವುದು ನಿಲ್ಲುವುದಿಲ್ಲ, ಬಚ್ಚಲುಮನೆಗೆ ಹೋಗಿ ಕೀಳುತ್ತಾಳೆ.

ಇನ್ನು ಆ ಗೀಟು. ಅದು ಕಾಲಹರಣ ಅಲ್ಲ, ಇದಕ್ಕಿರುವ ಪಳಗಿದ ದಾರಿಯ ಮೊದಲ ಮೆಟ್ಟಿಲು. 1970ರ ದಶಕದಿಂದ ಬಳಕೆಯಲ್ಲಿದೆ. ಕೈ ಹುಬ್ಬಿಗೆ ಹೋದಾಗಲೆಲ್ಲ ಒಂದು ಗೀಟು. ಎಷ್ಟು ಹೊತ್ತಿಗೆ, ಎಲ್ಲಿ ಕೂತಿದ್ದೆ, ಮನಸ್ಸಿನಲ್ಲಿ ಏನಿತ್ತು, ಪಕ್ಕದಲ್ಲಿ ಎರಡು ಮಾತು. ವಾರ ಕಳೆದ ಮೇಲೆ ಇಬ್ಬರೂ ಕೂತು ನೋಡಿದರೆ ಗುಟ್ಟು ರಟ್ಟಾಗುತ್ತದೆ. ಒಬ್ಬಳ ಪುಸ್ತಕದಲ್ಲಿ ಗೀಟೆಲ್ಲ ಭಾನುವಾರ ಸಂಜೆಯೇ ಬಿದ್ದಿದ್ದವು. ಸೋಮವಾರ ಬೆಳಿಗ್ಗೆ ಟೆಸ್ಟ್! ಆಮೇಲೆ ಕೈಗೆ ಬೇರೆ ಕೆಲಸ ಕೊಡುತ್ತೇವೆ. ಕೀಳಬೇಕು ಅನ್ನಿಸಿದ ಕೂಡಲೇ ಮುಷ್ಟಿ ಬಿಗಿ ಹಿಡಿದು ಒಂದು ನಿಮಿಷ ಕೂರುವುದು, ಇಲ್ಲವೇ ರಬ್ಬರ್ ಚೆಂಡು ಹಿಸುಕುವುದು. ಕೇಳಿದರೆ 'ಇಷ್ಟೇನಾ' ಅನ್ನಿಸುತ್ತದೆ. ಆದರೆ ತಿಂಗಳುಗಟ್ಟಲೆ ಬಿಡದೆ ಮಾಡಬೇಕು. ನಡುವೆ ಪರೀಕ್ಷೆ ಬಂದರೆ ಮತ್ತೆ ಕೀಳಬಹುದು. ಆಗ 'ಇಷ್ಟು ದುಡ್ಡು ಸುರಿದರೂ' ಅಂತ ಮಾತ್ರ ಶುರು ಮಾಡಬೇಡಿ. ಹರಳೆಣ್ಣೆ ಬೇಕಾದರೆ ಹಚ್ಚಿ. ನೀವಲ್ಲ, ಅವಳೇ ಹಚ್ಚಿಕೊಳ್ಳಲಿ.

ಬುದ್ಧಿಮಾತು ಯಾಕೆ ಹೇಳುವುದಿಲ್ಲ ಅಂದಿರಿ. ಆ ವಯಸ್ಸಿನವರಿಗೆ ಬುದ್ಧಿ ಹೇಳಲು ಜನರ ಕೊರತೆಯಿಲ್ಲ. ಮನೆಯಲ್ಲಿ ನೀವು, ಕಾಲೇಜಿನಲ್ಲಿ ಲೆಕ್ಚರರು, ಮದುವೆಮನೆಯಲ್ಲಿ ಸಿಕ್ಕ ದೊಡ್ಡಪ್ಪ. ಹೇಳದೆ ಕೇಳಿಸಿಕೊಳ್ಳುವವರು ಒಬ್ಬರಾದರೂ ಬೇಡವೇ?

ಇಲ್ಲಿ ನನ್ನದೇ ಒಂದು ತಪ್ಪು ಹೇಳಬೇಕು. ಕೆಲಸಕ್ಕೆ ಬಂದು ಎರಡನೇ ವರ್ಷ. ಎಸ್ಸೆಸ್ಸೆಲ್ಸಿ ಹುಡುಗ ಒಬ್ಬ ಬರುತ್ತಿದ್ದ. ಟ್ಯೂಷನ್‌ಗೆ ಅಂತ ಹೊರಟು ಸ್ಟೇಷನ್ನಿನಲ್ಲಿ ರೈಲು ನೋಡುತ್ತಾ ಕೂರುತ್ತೇನೆ ಅಂತ ಮೂರನೇ ವಾರ ಬಾಯಿಬಿಟ್ಟ. ಯಾರಿಗೂ ಹೇಳಬೇಡಿ ಅಂದ. ಹೊರಗೆ ಅವರಪ್ಪ ಕೈಮುಗಿದು 'ಏನಾದರೂ ಹೇಳಿ ಮೇಡಂ' ಅಂದರು. ನನಗೆ ಕರುಳು ಚುರುಕ್ ಅಂತು. 'ಟ್ಯೂಷನ್ ಕಡೆ ಒಂದು ಕಣ್ಣಿಡಿ' ಅಂದೆ. ಅಷ್ಟೇ, ಒಂದೇ ವಾಕ್ಯ. ಮುಂದಿನ ವಾರ ಹುಡುಗ ಬರಲಿಲ್ಲ. ಅಪ್ಪ ಬಂದು, 'ನಿಮ್ಮ ಟೈಮ್ ಹಾಳಾಯಿತಲ್ಲ' ಅಂತ ಆ ದಿನದ ಫೀಸು ಮೇಜಿನ ಮೇಲಿಟ್ಟು ಹೋದರು. ವಾಪಸ್ ಕೊಡಲು ಮೆಟ್ಟಿಲವರೆಗೂ ಓಡಿದೆ, ತೆಗೆದುಕೊಳ್ಳಲಿಲ್ಲ. ಆ ಹುಡುಗ ಮತ್ತೆ ಬರಲೇ ಇಲ್ಲ. ರೇಡಿಯೋ ಬಂದಿದ್ದು ಅದಾದ ಮೇಲೆ.

ಹಾಗಂತ ನಿಮಗೆ ಏನೂ ಹೇಳಬಾರದು ಅಂತಲ್ಲ. ಯಾವ ಗುರಿ ಇಟ್ಟುಕೊಂಡಿದ್ದೀರಿ, ಅಂದಾಜು ಎಷ್ಟು ಸಲ ಬರಬೇಕು, ಡಾಕ್ಟರಿಗೆ ತೋರಿಸಬೇಕಾ, ಮನೆಯಲ್ಲಿ ನಾವೇನು ಮಾಡಬೇಕು? ಇವನ್ನು ಧಾರಾಳವಾಗಿ ಕೇಳಿ. ಬರೀ ನಕ್ಕು ಕಳಿಸಿದರೆ ಅದು ಆ ಕೌನ್ಸೆಲರ್ ತಪ್ಪು, ನಿಮ್ಮದಲ್ಲ. ಮಗಳನ್ನೂ ಕೂರಿಸಿಕೊಂಡು ಒಂದು ದಿನ ಮೂವರೂ ಮಾತಾಡೋಣ ಅನ್ನಿ. ಅವಳ ಜೀವಕ್ಕೆ ಅಪಾಯ ಅನ್ನಿಸುವ ಮಾತು ಬಂದರೆ ನೀವು ಕೇಳುವವರೆಗೆ ನಾವು ಕಾಯುವುದಿಲ್ಲ, ನಾವೇ ನಿಮಗೆ ಹೇಳುತ್ತೇವೆ.

ಪ್ರಶ್ನೆ: ನನಗೆ 23. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ, ಪಿಜಿಯಲ್ಲಿದ್ದೇನೆ. ಡಿಪ್ರೆಶನ್ ಅಂತ ಸೈಕಿಯಾಟ್ರಿಸ್ಟ್ ಮಾತ್ರೆ ಬರೆದು ಹತ್ತು ದಿನ ಆಯಿತು. ಏನೂ ಗೊತ್ತಾಗುತ್ತಿಲ್ಲ. ಊರಲ್ಲಿ ಅಮ್ಮ 'ನಿದ್ದೆ ಮಾತ್ರೆ, ಚಟ ಆಗುತ್ತೆ, ಬಿಡು' ಅನ್ನುತ್ತಾಳೆ. ರೂಮ್‌ಮೇಟ್ ಕೌನ್ಸೆಲಿಂಗ್‌ಗೆ ಹೋಗು ಅನ್ನುತ್ತಾನೆ. ಯಾರ ಹತ್ತಿರ ಹೋಗಬೇಕು? ಕಂಪನಿಗೆ ಗೊತ್ತಾದರೆ?

ಉತ್ತರ: ಮಾತ್ರೆ ಬಿಡಬೇಡಪ್ಪ. ಡಿಪ್ರೆಶನ್ ಮಾತ್ರೆ ಕೆಲಸ ತೋರಿಸಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಬೇಕು. ಹತ್ತು ದಿನಕ್ಕೆ ಏನೂ ಅನ್ನಿಸದೆ ಇರುವುದು ಮಾಮೂಲು. ಅಮ್ಮ ಹೇಳುವುದರಲ್ಲಿ ಅರ್ಧ ನಿಜವಿದೆ: ಕೆಲವು ನಿದ್ದೆ ಮಾತ್ರೆ ಚಟ ಆಗುತ್ತವೆ. ಡಿಪ್ರೆಶನ್‌ನದು ಆ ಜಾತಿಯದಲ್ಲ. ಆದರೆ ತಟ್ಟನೆ ನಿಲ್ಲಿಸಿದರೆ ತಲೆಸುತ್ತು, ಕಿರಿಕಿರಿ ಬರಬಹುದು. ನಿಲ್ಲಿಸುವುದೂ ಡಾಕ್ಟರ್ ಹೇಳಿದ ಹಾಗೇ, ನಿಧಾನವಾಗಿ. ಚೀಟಿ ಹಿಡಿದು ಹೋಗಿ, 'ಇದರಲ್ಲಿ ನಿದ್ದೆ ಮಾತ್ರೆ ಯಾವುದು, ಎಷ್ಟು ದಿನ' ಅಂತ ಅವರನ್ನೇ ಕೇಳು. ಮಾತ್ರೆ ಶುರು ಮಾಡಿದ ಮೇಲೆ ಚಡಪಡಿಕೆ ಜಾಸ್ತಿಯಾದರೆ, ಸಾಯುವ ಯೋಚನೆ ಬಂದರೆ, ಮುಂದಿನ ತಾರೀಕಿಗೆ ಕಾಯದೆ ಅವತ್ತೇ ಹೋಗು.

ಮಾತ್ರೆ ಬರೆಯುವವರು ಸೈಕಿಯಾಟ್ರಿಸ್ಟ್, ಅಂದರೆ ಎಂಬಿಬಿಎಸ್ ಮುಗಿಸಿ ಮನೋರೋಗ ಓದಿದ ಡಾಕ್ಟರ್. ಮಾತಿನ ಚಿಕಿತ್ಸೆ ಕೊಡುವ ಕ್ಲಿನಿಕಲ್ ಸೈಕಾಲಜಿಸ್ಟ್‌ಗೆ ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಸಂಖ್ಯೆ ಇರುತ್ತದೆ. ಸಂಕೋಚವಿಲ್ಲದೆ ಕೇಳು. ನನ್ನಂಥ ಕೌನ್ಸೆಲರ್‌ಗಳದೇ ತೊಂದರೆ. ಸೈಕಾಲಜಿಯಲ್ಲಿ ಎಂಎಸ್ಸಿ ಮಾಡಿದವರೂ ಬೋರ್ಡು ಹಾಕುತ್ತಾರೆ, ಮೂರು ದಿನದ ಕೋರ್ಸು ಮಾಡಿದವರೂ ಹಾಕುತ್ತಾರೆ. ಏನು ಓದಿದ್ದೀರಿ ಅಂದರೆ ಸಿಟ್ಟಾಗುವವರ ಹತ್ತಿರ ಎರಡನೇ ಸಲ ಹೋಗಬೇಡ.

ದುಡ್ಡಿನ ಚಿಂತೆಯಿದ್ದರೆ ನಿಮ್ಹಾನ್ಸ್ ಇದೆ. ಊರಿಗೆ ಹೋದಾಗ ಜಿಲ್ಲಾ ಆಸ್ಪತ್ರೆಯಲ್ಲೂ ಮಾನಸಿಕ ಆರೋಗ್ಯ ವಿಭಾಗ ಸಿಗುತ್ತದೆ. ಹೆಮ್ಮೆಯ ವಿಷಯ ಅಂದರೆ, ಜಿಲ್ಲೆಯಲ್ಲೇ ಈ ಚಿಕಿತ್ಸೆ ಸಿಗಬೇಕು ಅಂತ ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ಮಾಡಿ ನೋಡಿದ್ದು ನಮ್ಮ ಬಳ್ಳಾರಿಯಲ್ಲಿ. ಅದನ್ನೇ ಮಾದರಿಯಾಗಿ ಇಟ್ಟುಕೊಂಡು 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು.

ಕಂಪನಿಯ ಭಯಕ್ಕೆ ಉತ್ತರ 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿದೆ. ಚಿಕಿತ್ಸೆಯ ವಿವರ ಗುಟ್ಟಾಗಿರುವುದು ನಿನ್ನ ಹಕ್ಕು. ಮ್ಯಾನೇಜರ್ ಫೋನ್ ಮಾಡಿ ಕೇಳಿದರೆ ಡಾಕ್ಟರ್ ಹೇಳುವ ಹಾಗಿಲ್ಲ. ಕಂಪನಿಯೇ ಕೌನ್ಸೆಲಿಂಗ್ ನಂಬರ್ ಕೊಟ್ಟಿದ್ದರೆ ಮಾತ್ರ, ಬೇರೆ ಮಾತಿಗೆ ಮೊದಲು ಒಂದನ್ನು ಕೇಳಿಕೋ: ನನ್ನ ಹೆಸರು ಎಚ್‌ಆರ್‌ಗೆ ಹೋಗುತ್ತಾ?

ಪ್ರಶ್ನೆ: ನಾನೂ ದಾವಣಗೆರೆಯವನೇ. 16 ವರ್ಷ. ಮನೆಯಲ್ಲಿ ಗೊತ್ತಾಗದ ಹಾಗೆ ನಿಮ್ಮ ಹತ್ತಿರ ಬರಬಹುದಾ? ದುಡ್ಡಿಲ್ಲ.

ಉತ್ತರ: ಬಾ ಪುಟ್ಟಾ. ಒಂದು ಸಲ ಬಂದು ಕೂತು ಮಾತಾಡಲು ಯಾರ ಚೀಟಿಯೂ ಬೇಡ, ದುಡ್ಡೂ ಬೇಡ. ಆದರೆ ನಿನ್ನಿಂದ ಮುಚ್ಚಿಟ್ಟು ಏನೂ ಮಾಡಬಾರದು, ಅದಕ್ಕೆ ಈಗಲೇ ಹೇಳುತ್ತೇನೆ. ನಿನಗೆ 18 ತುಂಬಿಲ್ಲ. ಚಿಕಿತ್ಸೆ ಅಂತ ಮುಂದುವರಿಯಬೇಕಾದರೆ ಮನೆಯವರ ಒಪ್ಪಿಗೆ ಬೇಕು. ಅವರಿಗೆ ಏನು ಹೇಳುವುದು, ಎಷ್ಟು ಹೇಳುವುದು ಅಂತ ನಾವಿಬ್ಬರೂ ಕೂತು ತೀರ್ಮಾನ ಮಾಡೋಣ. ಎರಡು ವಿಷಯ ಮಾತ್ರ ನನ್ನ ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಆಗುವುದಿಲ್ಲ. ನಿನ್ನ ಜೀವಕ್ಕೋ ಇನ್ನೊಬ್ಬರ ಜೀವಕ್ಕೋ ಅಪಾಯ ಅಂದರೆ ಹೇಳಲೇಬೇಕು. ಯಾರಾದರೂ ನಿನ್ನ ಮೈ ಮುಟ್ಟಿ ಲೈಂಗಿಕವಾಗಿ ಹಿಂಸೆ ಕೊಟ್ಟಿದ್ದರೆ, ಪೋಕ್ಸೋ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಆಗಲೂ ಮೊದಲು ನಿನಗೆ ಹೇಳಿಯೇ ಮುಂದಿನ ಹೆಜ್ಜೆ ಇಡುತ್ತೇನೆ.

ನನ್ನ ಹತ್ತಿರವೇ ಬರಬೇಕು ಅಂತೇನಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ 10ರಿಂದ 19 ವಯಸ್ಸಿನವರಿಗೆ ಅಂತಲೇ ಸ್ನೇಹ ಕ್ಲಿನಿಕ್ ಇರುತ್ತದೆ. ರಾತ್ರಿ ತಡೆಯಲು ಆಗದಷ್ಟು ಸಂಕಟ ಆದರೆ 14416ಕ್ಕೆ ಫೋನ್ ಮಾಡು. ಟೆಲಿ ಮಾನಸ್ ಅಂತ ಅದರ ಹೆಸರು. 2022ರಿಂದ ಇದೆ, ದಿನವಿಡೀ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ನಿನ್ನ ಕಾಗದದಲ್ಲಿ ಹೆಸರೂ ಇಲ್ಲ, ವಿಳಾಸವೂ ಇಲ್ಲ. ಅದಕ್ಕೇ ಇಲ್ಲಿ ಬರೆಯಬೇಕಾಯಿತು. ಭಾನುವಾರ ರಜೆ. ಉಳಿದ ದಿನ ನಾಲ್ಕೂವರೆ ಮೇಲೆ, ಕಾಲೇಜು ಬ್ಯಾಗ್ ಹಾಕಿಕೊಂಡೇ ಬಾ. ಮಹಡಿ ಮೆಟ್ಟಿಲು ಮೆಡಿಕಲ್ ಶಾಪಿನ ಹಿಂದುಗಡೆಯಿಂದಲೂ ಇದೆ.